ತಿದ್ದೋಲೆ ಸಾಕೇ, ಹೊಸದೇ ಬೇಕೇ, ರದ್ದು ಮಾಡಬೇಕೇ? ಆರೋಗ್ಯ ಮಾರ್ಗಸೂಚಿ ಹಳೆಯದಾದಾಗ ಇರುವ ದಾರಿಗಳು

ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ ಒಂದು ಆರೋಗ್ಯ ಉಪಕೇಂದ್ರದ ಹೊರಗೋಡೆಯ ಮೇಲೆ ಆಳೆತ್ತರದ ಚಿತ್ರವೊಂದಿತ್ತು. ಪಾದದ ಮೇಲೆ ಎರಡು ಕೆಂಪು ಚುಕ್ಕೆ, ಮೊಣಕಾಲಿನ ಕೆಳಗೆ ಬಿಗಿದ ಬಟ್ಟೆಯ ಗಂಟು, ಪಕ್ಕದಲ್ಲಿ ಹೆಡೆ ಎತ್ತಿದ ನಾಗರಹಾವು. ‘ಹಾವು ಕಚ್ಚಿದ ಜಾಗದ ಮೇಲ್ಗಡೆ ಬಿಗಿಯಾಗಿ ಕಟ್ಟಿರಿ’ ಎಂದು ಕೆಳಗೆ ನೀಲಿ ಅಕ್ಷರಗಳು. ಬರೆಸಿದವನು ನಾನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟದ್ದೂ ಅದನ್ನೇ. 2009ರ ರಾಷ್ಟ್ರೀಯ ಹಾವು ಕಡಿತ ಚಿಕಿತ್ಸಾ ಶಿಷ್ಟಾಚಾರ (ಪ್ರೋಟೋಕಾಲ್) ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಿರಿ ಎಂದು ಬಿಡಿಸಿ ಹೇಳಿತು. ಆ ಕಾಗದ ನಮ್ಮ ಕಚೇರಿಗೂ ಬಂತು, ಸ್ವೀಕೃತಿಯ ಮೊಹರು ಬಿತ್ತು, ಕಡತ ಸೇರಿತು. ಕೆಲವು ವರ್ಷಗಳ ಬಳಿಕ ಭತ್ತದ ಕೊಯ್ಲಿನ ಕಾಲದಲ್ಲಿ ಕ್ಯಾಂಪೊಂದರಿಂದ ಕೂಲಿಯವನೊಬ್ಬನನ್ನು ಟಂಟಂನಲ್ಲಿ ಕರೆತಂದರು. ಭತ್ತದ ಚೀಲ ಹೊಲಿಯುವ ಪ್ಲಾಸ್ಟಿಕ್ ದಾರವನ್ನು ಮೂರು ಸುತ್ತು ಬಿಗಿದಿದ್ದರು. ಅದು ಮಾಂಸದೊಳಗೆ ಇಳಿದು ಕಾಣದಂತಾಗಿತ್ತು. ಕೆಳಗಿನ ಕಾಲು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆಯ ಮೇಲೆ ನಾನು ರೇಗಿದೆ. ಆಕೆ ಮೆಲ್ಲಗೆ, ‘ಸರ್, ಗೋಡೆಯ ಮೇಲೆ ಹಾಗೆಯೇ ಬರೆದಿದೆಯಲ್ಲ’ ಎಂದರು.

ಅವನು ಬದುಕಿದ. ಎರಡು ಬೆರಳು ಹೋದವು.

ಅಂದಿನಿಂದ ‘ಮಾರ್ಗಸೂಚಿ ಬದಲಾಗಿದೆ’ ಎಂಬ ಮಾತನ್ನು ನಾನು ಕಡತ ನೋಡಿ ನಂಬುವುದಿಲ್ಲ. ದೆಹಲಿ, ಬೆಂಗಳೂರಿನ ಮಾರ್ಗಸೂಚಿಗಳನ್ನು ಬರೆಯುವವರು ನಾವಲ್ಲ, ನಿಜ. ಆದರೆ ಅವುಗಳನ್ನು ಆಧರಿಸಿ ಕನ್ನಡದ ಕರಪತ್ರ, ಗೋಡೆಬರಹ, ಜಾತ್ರೆಯ ಕಾಲದ ವಾಂತಿಭೇದಿ ಸೂಚನೆ, ರಾಯಚೂರಿನ ಬೇಸಿಗೆಗೆಂದೇ ಬಿಸಿಲಿನ ಸೂಚನೆ ಹೊರಡಿಸುವವರು ಜಿಲ್ಲೆಯವರು, ತಾಲ್ಲೂಕಿನವರು. ಅವುಗಳನ್ನು ಯಾವಾಗ ತಿದ್ದಬೇಕು, ಯಾವಾಗ ಕಿತ್ತುಹಾಕಬೇಕು ಎಂಬ ತೀರ್ಮಾನವೂ ಅವರ ಮೇಜಿನ ಮೇಲೆಯೇ ಬರುತ್ತದೆ. ಸಮಿತಿಯಲ್ಲಿ ಹೊಸದಾಗಿ ಕೂರುವ ವೈದ್ಯಾಧಿಕಾರಿಗಳಿಗಾಗಿ, ಸಾರ್ವಜನಿಕ ಆರೋಗ್ಯ ಓದುವ ಹುಡುಗರಿಗಾಗಿ ಈ ಹೋಲಿಕೆ.

ಕಚೇರಿಯ ಭಾಷೆಯಲ್ಲಿ ದಾರಿಗಳು ಐದು: ಇದ್ದಂತೆಯೇ ಮುಂದುವರಿಸುವುದು, ತಿದ್ದೋಲೆ (ಹಳೆಯ ಆದೇಶದ ಒಂದು ಭಾಗವನ್ನಷ್ಟೇ ತಿದ್ದುವ ಕಾಗದ) ಅಥವಾ ಸೇರ್ಪಡೆ ಹೊರಡಿಸುವುದು, ಹಳೆಯದನ್ನು ಅಧಿಕ್ರಮಿಸಿ, ಅಂದರೆ ಅದರ ಜಾಗಕ್ಕೆ ಹೊಸದನ್ನೇ ತಂದು, ಪೂರ್ತಿ ಪರಿಷ್ಕರಿಸುವುದು, ತಾತ್ಕಾಲಿಕವಾಗಿ ತಡೆಹಿಡಿಯುವುದು, ಹಿಂಪಡೆಯುವುದು. ಇವುಗಳಲ್ಲಿ ಒಂದನ್ನು ಆರಿಸಲು ನಾನು ಕೇಳುವ ಪ್ರಶ್ನೆಗಳು ಎರಡೇ. ಹೊಸ ಮಾತಿನಿಂದ ಕೆಳಗಿನವರ ಕೈ ಮಾಡುವ ಕೆಲಸ ಬದಲಾಗುತ್ತದೆಯೇ? ಹಳೆಯ ಮಾತು ಈಗ ಎಲ್ಲೆಲ್ಲಿ ಜೀವಂತವಾಗಿದೆ? ಸಾಕ್ಷ್ಯ ಎಷ್ಟು ಬಲವಾದದ್ದು ಎಂಬ ಪ್ರಶ್ನೆ ಇದೆ, ಅದನ್ನು ತಜ್ಞರು ಕೇಳಿಯೇ ಕೇಳುತ್ತಾರೆ. ಈ ಎರಡನ್ನು ಮಾತ್ರ ಮರೆಯುತ್ತಾರೆ.

ಇದ್ದಂತೆಯೇ ಬಿಡುವುದು

ಹಳೆಯದೆಲ್ಲ ತಪ್ಪಲ್ಲ. ಕುಡಿಯುವ ನೀರಿನ ಫ್ಲೋರೈಡ್ ವಿಷಯ ತೆಗೆದುಕೊಳ್ಳಿ; ಕೊಪ್ಪಳ, ರಾಯಚೂರು, ಬಳ್ಳಾರಿ ಮೂರಕ್ಕೂ ಅದು ಮನೆಯ ಮಾತು. ಲೀಟರಿಗೆ 1.5 ಮಿಲಿಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 1984ರದು. ಮತ್ತೆ ಮತ್ತೆ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿದ್ದಾರೆ. ಆದರೆ ಆ ಸಂಖ್ಯೆಯ ಜೊತೆಗೇ ಒಂದು ಮಾತನ್ನೂ ಸೇರಿಸಿದ್ದಾರೆ: ಹವಾಮಾನವನ್ನೂ ಜನ ಎಷ್ಟು ನೀರು ಕುಡಿಯುತ್ತಾರೆ ಎಂಬುದನ್ನೂ ನೋಡಿ ಆಯಾ ದೇಶ ತನ್ನ ಮಿತಿ ಗೊತ್ತುಮಾಡಿಕೊಳ್ಳಲಿ ಎಂದು. ಭಾರತೀಯ ಮಾನಕದಲ್ಲಿ ಸ್ವೀಕಾರಾರ್ಹ ಮಿತಿ 1.0, ಬೇರೆ ನೀರೇ ಇಲ್ಲದ ಕಡೆ ಮಾತ್ರ 1.5. ಏಪ್ರಿಲ್ ಬಿಸಿಲಲ್ಲಿ ಮೆಣಸಿನಕಾಯಿ ಬಿಡಿಸುವ ಹೆಂಗಸು ಕುಡಿಯುವ ನೀರಿಗೂ ತಂಪು ದೇಶದ ಗುಮಾಸ್ತ ಕುಡಿಯುವ ನೀರಿಗೂ ಅಜಗಜಾಂತರ. ಹಾಗಾಗಿ ಇಲ್ಲಿ ಸಂಖ್ಯೆಯನ್ನು ಮುಟ್ಟುವ ಅಗತ್ಯವಿಲ್ಲ; ‘ಬೇರೆ ನೀರೇ ಇಲ್ಲ’ ಎಂಬ ವಿನಾಯಿತಿಯನ್ನು ಶುದ್ಧ ನೀರಿನ ಘಟಕ ಬಂದ ಊರಿಗೂ ಎಳೆಯುತ್ತಿದ್ದೇವೆಯೇ ಎಂದು ನೋಡಿಕೊಂಡರೆ ಸಾಕು. ಕುಡಿಯಬಾರದೆಂದು ಕೆಂಪು ಬಣ್ಣ ಬಳಿದ ಬೋರ್‌ವೆಲ್‌ಗಳ ಬಣ್ಣ ಮಾಸಿದೆಯೇ ಎಂದೂ.

ಬಿಡುವುದಕ್ಕೂ ಮರೆಯುವುದಕ್ಕೂ ವ್ಯತ್ಯಾಸವಿದೆ. ಪರಿಶೀಲಿಸಿ ಬಿಟ್ಟದ್ದಾದರೆ ಹಾಗೆಂದು ದಿನಾಂಕ ಹಾಕಿ ಬರೆಯಬೇಕು: ‘ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ, ಮುಂದಿನ ಪರಿಶೀಲನೆ ಇಂಥ ತಿಂಗಳು.’ ಎಷ್ಟು ವರ್ಷಕ್ಕೊಮ್ಮೆ? ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ಹೊರತಂದ 17 ಮಾರ್ಗಸೂಚಿಗಳನ್ನು ಪಾಲ್ ಶೆಕೆಲ್ ಮತ್ತು ಸಂಗಡಿಗರು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಅವುಗಳಲ್ಲಿ ಸುಮಾರು ಅರ್ಧ ಹಳೆಯದಾಗಲು 5.8 ವರ್ಷ ಹಿಡಿದಿತ್ತು. ಮೂರು ವರ್ಷಕ್ಕೊಮ್ಮೆ ನೋಡುವುದು ಒಳ್ಳೆಯದು ಎಂದು ಅವರು ಹೇಳಿದರು. ನಮ್ಮಲ್ಲಿ ಭಾರತೀಯರ ಆಹಾರ ಮಾರ್ಗಸೂಚಿ 2011ರ ಬಳಿಕ ಪರಿಷ್ಕೃತಗೊಂಡದ್ದು 2024ರಲ್ಲಿ. ಅನ್ನ, ಬೇಳೆ, ಸೊಪ್ಪಿನ ಮಾತಿಗೆ ಹದಿಮೂರು ವರ್ಷ ತಡೆದೀತು. ಔಷಧದ ಮಾತಿಗೆ ತಡೆಯುವುದಿಲ್ಲ.

ತಿದ್ದೋಲೆ, ಸೇರ್ಪಡೆ

ಇದು ಅಗ್ಗದ ದಾರಿ, ಆದ್ದರಿಂದ ಎಲ್ಲರಿಗೂ ಪ್ರಿಯ. ಕೆಲವೊಮ್ಮೆ ಇದೇ ಸರಿಯಾದ ದಾರಿಯೂ ಹೌದು. 2018ರ ಅನೀಮಿಯಾ (ರಕ್ತಹೀನತೆ) ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರ ಕಬ್ಬಿಣಾಂಶದ ಮಾತ್ರೆ 100 ಮಿಲಿಗ್ರಾಂನಿಂದ 60 ಮಿಲಿಗ್ರಾಂಗೆ ಇಳಿಯಿತು. ಆದರೆ ಆಶಾ ಕಾರ್ಯಕರ್ತೆ ಹೇಳಬೇಕಾದ ಮಾತು ಅದೇ ಉಳಿಯಿತು: ದಿನಕ್ಕೊಂದು ಕೆಂಪು ಮಾತ್ರೆ, ಚಹಾದ ಜೊತೆ ಬೇಡ. ಬದಲಾದದ್ದು ಉಗ್ರಾಣದವರ ಮತ್ತು ವೈದ್ಯರ ಕೆಲಸ. ಇಂಥದಕ್ಕೆ ಹಳ್ಳಿ ಹಳ್ಳಿಯಲ್ಲಿ ಡಂಗುರ ಸಾರಿದರೆ ‘ಇಷ್ಟು ದಿನ ನುಂಗಿದ್ದು ತಪ್ಪು ಮಾತ್ರೆಯೇ?’ ಎಂಬ ಅನುಮಾನ ಹುಟ್ಟುತ್ತದೆ. ಮೊದಲೇ ವಾಕರಿಕೆ, ಕಪ್ಪು ಮಲ ಎಂದು ಮಾತ್ರೆಯನ್ನು ತಿಪ್ಪೆಗೆ ಎಸೆಯುವವರಿದ್ದಾರೆ. ಅವರಿಗೆ ಇನ್ನೊಂದು ನೆಪ ಸಿಗುತ್ತದೆ.

ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ಓಆರ್‌ಎಸ್‌ನದೂ ಇದೇ ಕಥೆ. 2004ರಲ್ಲಿ ಭಾರತ ಹೊಸ ಸೂತ್ರಕ್ಕೆ ಹೋದಾಗ ಲೀಟರಿಗೆ 90 ಮಿಲಿಮೋಲ್ ಇದ್ದ ಸೋಡಿಯಂ 75ಕ್ಕೆ ಇಳಿಯಿತು, ಸಕ್ಕರೆಯೂ ಕಡಿಮೆಯಾಯಿತು. ತಾಯಿ ಮಾತ್ರ ಹಿಂದಿನಂತೆಯೇ ಒಂದು ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕಲಸಬೇಕಿತ್ತು. ಆದರೆ ಜೊತೆಗೆ ಬಂದ ಸತುವಿನ, ಅಂದರೆ ಜಿಂಕ್ ಮಾತ್ರೆಯ ವಿಷಯ ಬೇರೆ. ಆರು ತಿಂಗಳು ದಾಟಿದ ಮಗುವಿಗೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ಇದು ಕೈಗೆ ಹೊಸ ಕೆಲಸ. ಇದನ್ನು ಪೊಟ್ಟಣದ ಸೂತ್ರದ ಜೊತೆಗೆ ಒಂದೇ ಸಾಲಿನಲ್ಲಿ ತುರುಕಿದರೆ ಹಳ್ಳಿಗೆ ತಲುಪುವುದಿಲ್ಲ. ಭೇದಿ ನಿಂತ ಮೂರನೆಯ ದಿನ ಮಾತ್ರೆ ಗೂಡು ಸೇರುವುದನ್ನು ನಾನು ಎಷ್ಟು ಮನೆಗಳಲ್ಲಿ ಕಂಡಿದ್ದೇನೋ.

ತಿದ್ದೋಲೆಯ ದೋಷ ಒಂದೇ: ಅದು ಮರಿ ಹಾಕುತ್ತದೆ. ಮೂಲ ಆದೇಶ, ಅದಕ್ಕೊಂದು ತಿದ್ದೋಲೆ, ತಿದ್ದೋಲೆಗೊಂದು ಸ್ಪಷ್ಟೀಕರಣ. 2021ರಲ್ಲಿ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ ಜನವರಿಯಲ್ಲಿ 4ರಿಂದ 6 ವಾರ, ಮಾರ್ಚ್ 22ಕ್ಕೆ 6ರಿಂದ 8, ಮೇ 13ಕ್ಕೆ 12ರಿಂದ 16 ವಾರ ಆಯಿತು. ಹೆಚ್ಚು ಅಂತರಕ್ಕೆ ವೈಜ್ಞಾನಿಕ ಆಧಾರವಿತ್ತು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಲಸಿಕಾ ಕೇಂದ್ರದ ಮುಂದೆ ಸರದಿಯಲ್ಲಿ ನಿಂತವರಿಗೆ ಕೇಳಿಸಿದ್ದು ಬೇರೆ: ‘ಲಸಿಕೆ ಖಾಲಿಯಾಗಿದೆ, ಅದಕ್ಕೇ ಮುಂದೂಡುತ್ತಿದ್ದಾರೆ.’ ಕಾರಣ ಹೇಳದ ತಿದ್ದುಪಡಿಗೆ ಜನ ತಮ್ಮದೇ ಕಾರಣ ಹೊಲಿದುಕೊಳ್ಳುತ್ತಾರೆ. ನನ್ನ ಅನುಭವದ ಲೆಕ್ಕ ಇದು: ಒಂದೇ ಮಾರ್ಗಸೂಚಿಗೆ ಮೂರು ತಿದ್ದೋಲೆ ಆದವೆಂದರೆ ನಾಲ್ಕನೆಯದನ್ನು ಬರೆಯಬೇಡಿ. ಎಲ್ಲವನ್ನೂ ಅಧಿಕ್ರಮಿಸಿ ಒಂದೇ ಕಾಗದ ಮಾಡಿ.

ಪೂರ್ಣ ಪರಿಷ್ಕರಣೆ

ಕ್ಷಯರೋಗದ ಚಿಕಿತ್ಸೆ ಇದಕ್ಕೆ ದೊಡ್ಡ ಉದಾಹರಣೆ. ವಾರಕ್ಕೆ ಮೂರು ದಿನ ಕಣ್ಣೆದುರೇ ಮಾತ್ರೆ ನುಂಗಿಸುವ ಪದ್ಧತಿ, ರೋಗಿಯ ಹೆಸರು ಬರೆದ ಕೆಂಪು ಡಬ್ಬಿ, ನೀಲಿ ಡಬ್ಬಿ, ಇವೆಲ್ಲ ಒಂದು ತಲೆಮಾರಿನ ಆರೋಗ್ಯ ಕಾರ್ಯಕರ್ತರಿಗೆ ಬಾಯಿಪಾಠ. ಸಾಧ್ಯವಿದ್ದಲ್ಲೆಲ್ಲ ದಿನವೂ ಔಷಧ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿತ್ತು. ನಮ್ಮಲ್ಲಿ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿ, 2017ರ ಕೊನೆಯ ಹೊತ್ತಿಗೆ ದೇಶದಾದ್ಯಂತ ದೈನಂದಿನ ಚಿಕಿತ್ಸೆ ಬಂತು: ಹಲವು ಔಷಧಗಳು ಒಂದರಲ್ಲೇ ಬೆರೆತ ಮಾತ್ರೆ, ತೂಕ ನೋಡಿ ಎಷ್ಟೆಂಬ ಲೆಕ್ಕ. ಮರುಚಿಕಿತ್ಸೆಯವರಿಗೆ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಚುಚ್ಚುವ ಹಳೆಯ ವರ್ಗವನ್ನೂ ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಬೇಡವೆಂದಿತು.

ಇದನ್ನು ತಿದ್ದೋಲೆಯಲ್ಲಿ ಮಾಡಲು ಆಗುತ್ತಿತ್ತೇ? ಆಗುತ್ತಿರಲಿಲ್ಲ. ಮಾತ್ರೆ, ಡಬ್ಬಿ, ಕಾರ್ಡು, ವಹಿ, ತೂಕದ ಯಂತ್ರ, ರೋಗಿ ಬರುವ ದಿನ ಎಲ್ಲವೂ ಒಟ್ಟಿಗೆ ಬದಲಾಗಬೇಕಿತ್ತು. ಹೀಗೆ ಒಂದು ಎಳೆ ಎಳೆದರೆ ಇಡೀ ಕೌದಿ ಬಿಚ್ಚುವಂತಿದ್ದರೆ ಪರಿಷ್ಕರಣೆಯೇ ಸರಿ. ಬೆಲೆ ಸಮಯ. 2010ರಿಂದ 2017ರವರೆಗೆ ಏಳು ವರ್ಷ. ಇನ್ನೊಂದು ಬೆಲೆಯನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ: ಹಳೆಯ ಪದ್ಧತಿಯಲ್ಲಿ ಅರ್ಧ ದಾರಿ ನಡೆದವರು. ಮೂರನೆಯ ತಿಂಗಳಲ್ಲಿರುವ ರೋಗಿ ಬಂದು ‘ನನ್ನದು ಯಾವುದು ಸರ್?’ ಎಂದು ಕೇಳಿದಾಗ ಉತ್ತರ ಮಾರ್ಗಸೂಚಿಯಲ್ಲೇ ಇರಬೇಕು. ಪರಿಷ್ಕೃತ ಕರಡು ನನ್ನ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಈ ಒಂದು ಪುಟವನ್ನು.

ತಡೆಹಿಡಿಯುವುದು

ನಮ್ಮ ಕಚೇರಿಗಳು ಬಹಳ ಕಡಿಮೆ ಬಳಸುವ ದಾರಿ ಇದು. ತಡೆಹಿಡಿದರೆ ತಪ್ಪೊಪ್ಪಿಕೊಂಡಂತೆ ಎಂಬ ಅಂಜಿಕೆ.

ಕೋವಿಡ್‌ಗೆ ಚೇತರಿಸಿಕೊಂಡವರ ಪ್ಲಾಸ್ಮಾ ಕೊಡುವ ಚಿಕಿತ್ಸೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ 39 ಆಸ್ಪತ್ರೆಗಳಲ್ಲಿ, 464 ರೋಗಿಗಳ ಮೇಲೆ ಪರೀಕ್ಷಿಸಿತು. ರೋಗ ಉಲ್ಬಣಿಸುವುದನ್ನಾಗಲೀ ಸಾವನ್ನಾಗಲೀ ಅದು ಕಡಿಮೆ ಮಾಡಲಿಲ್ಲವೆಂಬ ಫಲಿತಾಂಶ 2020ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ರಾಷ್ಟ್ರೀಯ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ 17ರಂದು. ನಡುವಿನ ಏಳು ತಿಂಗಳಲ್ಲಿ ಎರಡನೇ ಅಲೆ ಬಂತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಮ್ಲಜನಕದ ಟ್ಯಾಂಕರ್‌ಗಳು ಹೊರಡುತ್ತಿದ್ದ ಆ ಏಪ್ರಿಲ್‌ನಲ್ಲಿ ನನ್ನ ಮೊಬೈಲಿಗೂ ರಾತ್ರಿ ಹನ್ನೊಂದಕ್ಕೆ ಕರೆ ಬರುತ್ತಿತ್ತು: ‘ಬಿ ಪಾಸಿಟಿವ್ ಪ್ಲಾಸ್ಮಾ ಎಲ್ಲಿ ಸಿಗುತ್ತದೆ, ಸರ್?’ ವಯಸ್ಸಾದ ತಂದೆಯ ಪಕ್ಕದಲ್ಲಿರಬೇಕಾದ ಮಗ ದಾನಿಯನ್ನು ಹುಡುಕುತ್ತಾ ಹುಬ್ಬಳ್ಳಿಯ ದಾರಿಯಲ್ಲಿರುತ್ತಿದ್ದ. ಅಂತಿಮ ತೀರ್ಮಾನಕ್ಕೆ ಇನ್ನೂ ಪುರಾವೆ ಬೇಕಿತ್ತು ಎಂಬ ವಾದವನ್ನು ಒಪ್ಪೋಣ. ‘ಮುಂದಿನ ಆದೇಶದವರೆಗೆ ಸಂಶೋಧನೆಯ ಹೊರಗೆ ಬಳಸಬೇಡಿ’ ಎಂದು ಒಂದು ಸಾಲು ಬರೆಯಲು ಅದು ಬೇಕಿರಲಿಲ್ಲ.

ಹಾಗಾಗಿ ನನ್ನ ಒಲವು ಸ್ಪಷ್ಟ. ಲಾಭ ಅನುಮಾನಕ್ಕೆ ಬಿದ್ದಿದೆ, ಹಾನಿ ಅಥವಾ ಖರ್ಚು ಮಾತ್ರ ಖಚಿತ, ಪೂರ್ತಿ ಪರಿಷ್ಕರಣೆಗೆ ತಿಂಗಳುಗಳು ಬೇಕು ಎಂದಾದರೆ ಮೊದಲು ತಡೆಹಿಡಿಯಿರಿ. ಆದೇಶದಲ್ಲಿ ಕೊನೆಯ ದಿನಾಂಕವಿರಲಿ. ಇಲ್ಲದಿದ್ದರೆ ‘ಮುಂದಿನ ಆದೇಶ’ ಎಂದಿಗೂ ಬರುವುದಿಲ್ಲ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಬಳಿಕ ಬಾಣಂತಿಯರು ತೀರಿಕೊಂಡಾಗ ರಾಜ್ಯ ಸರ್ಕಾರ ಒಂದು ಕಂಪನಿಯ ರಿಂಗರ್ ಲ್ಯಾಕ್ಟೇಟ್ ಎಂಬ, ರಕ್ತನಾಳಕ್ಕೆ ಹನಿಸುವ ದ್ರಾವಣದ ಬಳಕೆಯನ್ನು ನಿಲ್ಲಿಸಿತು. ಅದು ಸರಕಿನ ತಡೆ, ಮಾರ್ಗಸೂಚಿಯ ತಡೆಯಲ್ಲ. ರಕ್ತಸ್ರಾವವಾದವರಿಗೆ, ನಿರ್ಜಲೀಕರಣವಾದವರಿಗೆ ರಿಂಗರ್ ಲ್ಯಾಕ್ಟೇಟ್ ಕೊಡಬೇಕೆಂಬ ವೈದ್ಯಕೀಯ ಸಲಹೆ ಹಾಗೆಯೇ ಇದೆ. ಸುತ್ತೋಲೆ ಬರೆಯುವಾಗ ಈ ಎರಡನ್ನು ಬೆರೆಸಿದರೆ ಭಯಪಟ್ಟ ದಾದಿಯೊಬ್ಬರು ಬೇರೆ ಕಂಪನಿಯ ಒಳ್ಳೆಯ ಬಾಟಲಿಯನ್ನೂ ಮುಟ್ಟುವುದಿಲ್ಲ.

ಹಿಂಪಡೆಯುವುದು

ಹಿಂಪಡೆಯುವುದನ್ನು ಅಚ್ಚುಕಟ್ಟಾಗಿ ಮಾಡಿದ ಒಂದು ದಿನ ನನಗೆ ನೆನಪಿದೆ: 2016ರ ಏಪ್ರಿಲ್ 25. ಮೂರು ಬಗೆಯ ವೈರಾಣುಗಳಿದ್ದ ಪೋಲಿಯೊ ಹನಿಯನ್ನು ಅಂದು ದೇಶದಾದ್ಯಂತ ನಿಲ್ಲಿಸಿ ಎರಡು ಬಗೆಯದಕ್ಕೆ ಬದಲಾಯಿಸಿದರು. ಎರಡನೇ ಬಗೆಯ ಕಾಡು ವೈರಾಣು ಕೊನೆಯದಾಗಿ ಕಂಡದ್ದು 1999ರಲ್ಲಿ. ಉಳಿದದ್ದು ಲಸಿಕೆಯೊಳಗಿನ ಅದರ ಅಂಶದಿಂದಲೇ ಆಗಬಹುದಾದ ಅಪಾಯ. ಹೊಸ ಸೀಸೆ ಬಂದರಾಯಿತು ಎಂದು ಬಿಡಲಿಲ್ಲ. ಪ್ರತಿ ಶೀತಲ ಪೆಟ್ಟಿಗೆ ತೆರೆದು ಹಳೆಯ ಸೀಸೆಗಳನ್ನು ಎಣಿಸಿ, ವಾಪಸು ತರಿಸಿ, ನಾಶಮಾಡಿ, ಎರಡು ವಾರದ ಬಳಿಕ ಬೇರೆಯವರು ಬಂದು ಎಲ್ಲಿಯೂ ಉಳಿದಿಲ್ಲವೆಂದು ತಪಾಸಣೆ ಮಾಡಿದರು. ಐಸ್‌ಕ್ರೀಂ ಡಬ್ಬಿಯಂಥ ಲಸಿಕಾ ವಾಹಕದ ತಳವನ್ನೂ ಬಿಡದೆ ತಡಕಿದ್ದು ನೆನಪಿದೆ. ಕಾಗದದ ಮಾರ್ಗಸೂಚಿಗೆ ಇದರ ಕಾಲು ಭಾಗ ಶ್ರದ್ಧೆ ತೋರಿಸಿದ್ದರೆ ನನ್ನ ಗೋಡೆಯ ಗಂಟು ಎಂದೋ ಬಿಚ್ಚಿಹೋಗುತ್ತಿತ್ತು.

ಅವಸರದ ಹಿಂಪಡೆತಕ್ಕೂ ಉದಾಹರಣೆ ಇದೆ. ನೋವು ನಿವಾರಕ ಅಫೀಮು ವರ್ಗದ ಔಷಧಗಳ ಬಗೆಗಿನ ತನ್ನ 2011 ಮತ್ತು 2012ರ ಎರಡು ಮಾರ್ಗಸೂಚಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2019ರ ಜೂನ್‌ನಲ್ಲಿ ಹಿಂಪಡೆಯಿತು. ಅವುಗಳ ಮೇಲೆ ಔಷಧ ಕಂಪನಿಯ ಪ್ರಭಾವವಿದೆ ಎಂದು ಅಮೆರಿಕದ ಸಂಸತ್ತಿನ ಇಬ್ಬರು ಸದಸ್ಯರು ವರದಿ ಹೊರಡಿಸಿದ್ದರು. ಆದರೆ ಎರಡರಲ್ಲೊಂದು ಮಕ್ಕಳ ನೋವಿನ ಚಿಕಿತ್ಸೆಯದು, ಮತ್ತು ಬದಲಿಗೆ ಕೊಡಲು ಆ ಹೊತ್ತಿಗೆ ಏನೂ ಸಿದ್ಧವಿರಲಿಲ್ಲ. ಮಕ್ಕಳ ದೀರ್ಘಕಾಲದ ನೋವಿನ ಹೊಸ ಮಾರ್ಗಸೂಚಿ ಬಂದದ್ದು 2020ರ ಕೊನೆಗೆ. ಉಪಶಾಮಕ ಚಿಕಿತ್ಸೆಯ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ವೈದ್ಯರು ಆಗ ಕೂಗಿಕೊಂಡದ್ದರಲ್ಲಿ ಅರ್ಥವಿತ್ತು: ಅಮೆರಿಕದ ತೊಂದರೆ ಮಾರ್ಫಿನ್ ವರ್ಗದ ಮಾತ್ರೆಗಳು ಅತಿಯಾದದ್ದು, ನಮ್ಮ ಕಡೆಯ ಕ್ಯಾನ್ಸರ್ ರೋಗಿಯ ತೊಂದರೆ ಮಾರ್ಫಿನ್ ಸಿಗದೇ ಇರುವುದು. ಭಾರತ ಮಾದಕ ವಸ್ತು ಕಾನೂನನ್ನು 2014ರಲ್ಲಿ ಸಡಿಲಿಸಿದ್ದೂ ಅದಕ್ಕಾಗಿಯೇ. ಬರೆದವರ ನಂಬಿಕೆಗೆ ಕಲೆ ತಗುಲಿದರೆ ಹಿಂಪಡೆಯಲೇಬೇಕು, ನಿಜ. ಆದರೆ ಅದೇ ಆದೇಶದಲ್ಲಿ ‘ಅಲ್ಲಿಯವರೆಗೆ ಏನು ಮಾಡಬೇಕು’ ಎಂಬ ನಾಲ್ಕು ಸಾಲು ಇರಲೇಬೇಕು.

ಹಾವಿನ ವಿಷಯದಲ್ಲಿ ಆ ನಾಲ್ಕು ಸಾಲಿನ ಬೆಲೆ ಏನೆಂದು ಹೇಳುತ್ತೇನೆ. ‘ಕಟ್ಟಬೇಡಿ’ ಎಂದಷ್ಟೇ ಹೇಳಿಕೊಟ್ಟರೆ, ಕಟ್ಟಿಸಿಕೊಂಡೇ ಬಂದವನ ದಾರವನ್ನು ದಾರಿಯಲ್ಲೇ ಯಾರೋ ಪಟ್ಟನೆ ಕತ್ತರಿಸುತ್ತಾರೆ. ತಡೆದಿದ್ದ ವಿಷ ಒಮ್ಮೆಲೇ ಮೈಗೇರಬಹುದು. ಬಿಗಿಯಾದ ಕಟ್ಟನ್ನು ಆಸ್ಪತ್ರೆಯಲ್ಲಿ, ವೈದ್ಯರ ಎದುರು, ವಿಷನಿರೋಧಕ ಸೀರಂ ಮತ್ತು ಉಸಿರಾಟದ ನೆರವು ಸಿದ್ಧವಿಟ್ಟುಕೊಂಡು ಬಿಚ್ಚಬೇಕು. ಹಳೆಯ ಸಲಹೆಯನ್ನು ರದ್ದುಮಾಡುವ ಕಾಗದ ಹಳೆಯ ಸಲಹೆಯಂತೆ ನಡೆದುಬಿಟ್ಟವರ ಬಗ್ಗೆಯೂ ಮಾತಾಡಬೇಕು.

ಹಾಗಾದರೆ ಯಾವಾಗ ಯಾವುದು?

ಹೊಸ ಮಾತು ಉಗ್ರಾಣ, ಪೊಟ್ಟಣ, ಲೆಕ್ಕಕ್ಕೆ ಮಾತ್ರ ತಾಗಿದರೆ ತಿದ್ದೋಲೆ. ಕೆಳಗಿನವರ ಕೈಗೆ ಒಂದು ಕೆಲಸ ಹೆಚ್ಚಾದರೆ ಪ್ರತ್ಯೇಕ ಸೇರ್ಪಡೆ, ಅದಕ್ಕೊಂದು ಅರ್ಧ ದಿನದ ತರಬೇತಿ. ಹಲವು ಕೆಲಸಗಳು ಒಟ್ಟಿಗೆ ಕದಲಿದರೆ ಪರಿಷ್ಕರಣೆ. ಹಳೆಯ ಸಲಹೆಯಂತೆ ನಡೆದವರಿಗೆ ನೇರ ಹಾನಿಯಾಗುತ್ತಿದ್ದರೆ ಹಿಂಪಡೆಯಲು ಪರಿಷ್ಕೃತ ಪ್ರತಿ ಮುದ್ರಣವಾಗಲಿ ಎಂದು ಕಾಯಬೇಡಿ. ಲಾಭವೇ ಅನುಮಾನಕ್ಕೆ ಬಿದ್ದಿದ್ದರೆ, ಇಲ್ಲವೇ ಹಾನಿಯ ಅನುಮಾನ ಮಾತ್ರವಿದ್ದರೆ ತಡೆ.

ಎರಡನೆಯ ಪ್ರಶ್ನೆಯನ್ನು, ಅಂದರೆ ಹಳೆಯದು ಎಲ್ಲಿ ಜೀವಂತವಾಗಿದೆ ಎಂಬುದನ್ನು, ಕಚೇರಿಯಲ್ಲಿ ಕೂತು ಉತ್ತರಿಸಲು ಬರುವುದಿಲ್ಲ. ನಾಯಿ ಕಚ್ಚಿದರೆ ಹೊಕ್ಕುಳಿನ ಸುತ್ತ ಕೊಡುತ್ತಿದ್ದ ಹಳೆಯ ಲಸಿಕೆಯನ್ನು ಭಾರತ 2004ರ ಕೊನೆಗೇ ನಿಲ್ಲಿಸಿತು. ಈಗ ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ 0, 3, 7 ಮತ್ತು 28ನೇ ದಿನ ತೋಳಿಗೆ ಸಣ್ಣ ಚುಚ್ಚು. ಹಾಗಿದ್ದೂ ದೇವದುರ್ಗದ ಕಡೆಯ ತಾಂಡಾವೊಂದರಲ್ಲಿ ಅಜ್ಜಿಯೊಬ್ಬರು ಮೊಮ್ಮಗನನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ‘ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಲು ನಾನು ಬಿಡುವುದಿಲ್ಲ ತಮ್ಮಾ’ ಎಂದು ನನ್ನನ್ನು ಬಾಗಿಲಲ್ಲೇ ತಡೆದಿದ್ದರು. ಹುಡುಗನ ಗಾಯಕ್ಕೆ ಖಾರದ ಪುಡಿ ಮೆತ್ತಿತ್ತು. ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವಷ್ಟು ಹೊತ್ತು ನನ್ನ ತೋಳನ್ನೇ ತೋರಿಸಿ ಮಾತಾಡಬೇಕಾಯಿತು. ಆ ಲಸಿಕೆಯನ್ನು ರದ್ದುಮಾಡಿದ ಆದೇಶ ಯಾವ ಕಪಾಟಿನಲ್ಲಿದೆಯೋ. ಲಸಿಕೆ ಅಜ್ಜಿಯ ನೆನಪಿನಲ್ಲಿ ಗಟ್ಟಿಯಾಗಿತ್ತು.

ಆದ್ದರಿಂದ ಯಾವ ದಾರಿ ಹಿಡಿದರೂ ಆದೇಶಕ್ಕೆ ಒಂದು ಪಟ್ಟಿ ಲಗತ್ತಿಸಿ: ಹಳೆಯ ಕರಪತ್ರ ಎಷ್ಟು ಹಂಚಿತ್ತು, ಯಾವ ಉಪಕೇಂದ್ರದ ಗೋಡೆಯಲ್ಲಿದೆ, ಯಾವ ಶಾಲೆಯ ಫಲಕದಲ್ಲಿದೆ, ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಓಡಾಡುತ್ತಿದೆ, ತೆಗೆಯುವವರು ಯಾರು, ಯಾವ ತಾರೀಕಿನೊಳಗೆ. ಹೊಸ ಗೋಡೆಬರಹದ ಮೂಲೆಯಲ್ಲಿ ಬರೆದ ತಿಂಗಳು, ವರ್ಷ ಹಾಕಿಸಿ. ಪೇಂಟರ್ ಅದನ್ನು ಬಿಟ್ಟುಬಿಡುತ್ತಾನೆ, ನಿಂತು ಬರೆಸಬೇಕು. ಇನ್ನು ಹಳೆಯ ಚಿತ್ರ ಆಯಿಲ್ ಪೇಂಟಿನದಾಗಿದ್ದರೆ ಸುಣ್ಣ ಹೊಡೆಸಿ ದುಡ್ಡು ಕಳೆಯಬೇಡಿ. ನಾನು ಹೊಡೆಸಿದ್ದೆ. ಒಂದೇ ಮಳೆಗಾಲಕ್ಕೆ ಸುಣ್ಣ ಉದುರಿ ಹಾವು, ಕಾಲು, ಗಂಟು ಮೂರೂ ಮತ್ತೆ ಹೊರಬಂದವು. ಮರಳು ಕಾಗದದಿಂದ ಚೆನ್ನಾಗಿ ಉಜ್ಜಿಸಿ, ಪ್ರೈಮರ್ ಕೊಡಿಸಿ, ಅದರ ಮೇಲೆ ಎರಡು ಕೈ ಬಣ್ಣ ಬಳಿಸಿ.